ತಂತಿಯ ಶಾಸನವೂ ಅಂತರ್ಜಾಲದ ನಿರೋಧವೂ

ಶಿಲಾಶಾಸನಗಳ ಪಾಠನಿರ್ಣಯ, ಕವಿಕಾಲವಿಚಾರ, ಛಂದಸ್ಸು ಮುಂತಾದುವನ್ನು ಈ ಪತ್ರಿಕೆಯಲ್ಲಿ ನಿರೀಕ್ಷಿಸುವ ವಾಚಕರಿಗೆ ಮೇಲಿನ ಶೀರ್ಷಿಕೆಯು ಅಪ್ರಸ್ತುತವೆಂದು ತೋರಬಹುದು. ಆದರೆ ಶಾಸನವೆಂಬ ಶಬ್ದಕ್ಕೆ ನಮ್ಮಲ್ಲಿ ಎರಡರ್ಥಗಳುಂಟಷ್ಟೆ. ಕಲ್ಲಿನಲ್ಲಿಯೂ ತಾಮ್ರದಲ್ಲಿಯೂ ಕೊರೆದ ಬರಹವು ಶಾಸನ. ಆಳುವವರ ಆಜ್ಞೆಯೂ ಶಾಸನವೇ. ಮೊದಲನೆಯದರಲ್ಲಿ ಒಂದಕ್ಷರ ಸವೆದಿದ್ದರೆ ಹತ್ತು ಪುಟಗಳ ಚರ್ಚೆಯನ್ನು ನಡಸುವ ನಾವು, ನಮ್ಮನ್ನೇ ಆಳುವ ಎರಡನೆಯದರ ಪದಗಳನ್ನು ಅಷ್ಟು ಎಚ್ಚರದಿಂದ ಓದುವುದಿಲ್ಲ. ತಂತಿವರ್ತಮಾನಕ್ಕಾಗಿ ೧೮೮೫ರಲ್ಲಿ ಬರೆದ ಒಂದು ವಾಕ್ಯವು ಮೆಲ್ಲಮೆಲ್ಲನೆ ಹಿಗ್ಗಿ, ಒಂದು ಕೋಟಿಗೂ ಮಿಕ್ಕ ಜನರ ಮಾತುಕತೆಯನ್ನು ಒಂದೇ ರಾತ್ರಿಯಲ್ಲಿ ನಿಲ್ಲಿಸಬಲ್ಲ ಅಧಿಕಾರವಾದ ಬಗೆಯನ್ನು, ಸಾಧ್ಯವಾದಷ್ಟು ಆ ವಾಕ್ಯದ ಪದಗಳನ್ನೇ ಹಿಡಿದು ವಿಚಾರಿಸುವುದು ಈ ಲೇಖನದ ಉದ್ದೇಶ.

ನಾನು ವಕೀಲನಲ್ಲ, ಪಾಠಶಾಲೆಯಲ್ಲಿ ವ್ಯಾಕರಣ ಮೀಮಾಂಸೆಗಳನ್ನು ಓದಿ, ಅಲಂಕಾರಶಾಸ್ತ್ರವನ್ನು ಪಾಠ ಹೇಳಿಕೊಂಡು ಬಂದವನು. ಈ ವಿಷಯಕ್ಕೆ ನಾನು ಬಂದುದು ಒಂದು ಹಸ್ತಪ್ರತಿಯ ದಾರಿಯಿಂದ. ಕಾವ್ಯಪ್ರಕಾಶದ ಟೀಕೆಯೊಂದರ ಪಾಠಗಳನ್ನು ಹೋಲಿಸುತ್ತಿದ್ದಾಗ, ಶ್ರೀನಗರದ ವೃದ್ಧ ವಿದ್ವಾಂಸರೊಬ್ಬರು ಶಾರದಾಲಿಪಿಯ ಪ್ರತಿಯೊಂದರ ಪುಟಗಳ ಛಾಯಾಚಿತ್ರಗಳನ್ನು ಅಂತರ್ಜಾಲದ ಮೂಲಕ ನನಗೆ ಕಳುಹಿಸಿಕೊಡುತ್ತಿದ್ದರು. ಸಂದಿಗ್ಧವಾದ ಅಕ್ಷರವೊಂದು ಎದುರಾದರೆ ಸಂಜೆಯೊಳಗಾಗಿ ಉತ್ತರ ಬರುತ್ತಿತ್ತು. ೨೦೧೯ನೆಯ ಇಸವಿ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ ಅದು ನಿಂತುಹೋಯಿತು. ಅವರ ಮನೆಯ ದೂರವಾಣಿಯೂ ಮೂಕವಾಗಿತ್ತು. ಅಕ್ಟೋಬರಿನ ಮಧ್ಯದಲ್ಲಿ ಒಂದು ದಿನ ಅವರ ಧ್ವನಿಯನ್ನು ಕೇಳಿದೆನು. ಕ್ಷೇಮಸಮಾಚಾರಗಳಾದ ಮೇಲೆ, ಯಾವ ಆಜ್ಞೆಯ ಮೇರೆಗೆ ಇದೆಲ್ಲವನ್ನೂ ನಿಲ್ಲಿಸಿದ್ದಾರೆಂದು ಕೇಳಿದೆನು. “ಆ ಆಜ್ಞೆಯನ್ನು ನಮ್ಮಲ್ಲಿ ಯಾರೂ ನೋಡಿಲ್ಲ, ಶಾಸ್ತ್ರಿಗಳೇ” ಎಂದರು. ಈ ಮಾತು ನನ್ನನ್ನು ಬಹುಕಾಲ ಬಿಡಲಿಲ್ಲ. ಪಾಲಿಸಲೇಬೇಕಾದ ಶಾಸನವೊಂದು ಇದ್ದು, ಅದರ ಪಾಠವೇ ದೊರೆಯದಿದ್ದರೆ ಅದನ್ನು ಏನೆಂದು ಕರೆಯುವುದು?

ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ವಿದ್ಯುತ್ತಂತಿಯ ಮೊದಲ ಪ್ರಯೋಗವು ಕಲ್ಕತ್ತೆಗೂ ಡೈಮಂಡ್ ಹಾರ್ಬರಿಗೂ ನಡುವೆ, ಓಷಾಗ್ನೆಸಿ ಎಂಬ ವೈದ್ಯನ ನೇತೃತ್ವದಲ್ಲಿ, ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ನಡೆಯಿತು. ೧೮೫೫ರಲ್ಲಿ ತಂತಿಯು ಸಾರ್ವಜನಿಕರಿಗೆ ದೊರೆಯಿತು. ಎರಡು ವರ್ಷಗಳೊಳಗೆ ದಂಗೆಯೆದ್ದಿತು. ೧೮೫೭ರ ಮೇ ೧೧ರಂದು ದೆಹಲಿಯ ತಂತಿಮನೆಯಿಂದ ಹೊರಟ ಸುದ್ದಿಯು ಪಂಜಾಬಿನ ಇಂಗ್ಲಿಷ್ ಅಧಿಕಾರಿಗಳನ್ನು ಎಚ್ಚರಿಸಿತು. ದಂಗೆಯವರು ಕೈಗೆ ಸಿಕ್ಕಿದೆಡೆಯಲ್ಲೆಲ್ಲ ತಂತಿಗಳನ್ನು ಕಡಿದರು. ತಂತಿಯನ್ನು ಕಡಿಯುವುದು ಆಗ ಬಂಡಾಯಗಾರರ ಕೆಲಸವಾಗಿತ್ತೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು. ಸರ್ಕಾರದ ಕೆಲಸ ಅದನ್ನು ಉಳಿಸಿಕೊಳ್ಳುವುದಾಗಿತ್ತು. ಸರ್ಕಾರವು ಬಾಯಿಕಟ್ಟಬೇಕೆಂದಾಗ ತಂತಿಯ ಕಡೆಗೆ ತಿರುಗದೆ ಅಚ್ಚುಕೂಟದ ಕಡೆಗೆ ತಿರುಗಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಕ್ಯಾನಿಂಗನ ಸರ್ಕಾರವು ಪರವಾನೆಯಿಲ್ಲದೆ ಯಾರೂ ಅಚ್ಚುಕೂಟವನ್ನು ಇಡಬಾರದೆಂದು ವಿಧಿಸಿತು. ೧೮೭೮ರಲ್ಲಿ ಲಿಟ್ಟನ್ ಪ್ರಭುವು ದೇಶಭಾಷೆಗಳ ಪತ್ರಿಕೆಗಳಿಗೆ ಮಾತ್ರ ಅನ್ವಯಿಸುವ ಕಾಯಿದೆಯನ್ನು ತಂದನು. ಬಂಗಾಳದ ಅಮೃತ ಬಜಾರ್ ಪತ್ರಿಕೆಯು ಒಡನೆಯೇ ಇಂಗ್ಲಿಷ್ ಪತ್ರಿಕೆಯಾಗಿ ಅದರಿಂದ ನುಣುಚಿಕೊಂಡ ಕಥೆಯು ಪ್ರಸಿದ್ಧವೇ ಆಗಿದೆ. ನಮ್ಮ ಮೈಸೂರು ಸಂಸ್ಥಾನದಲ್ಲಿ ೧೯೦೮ರಲ್ಲಿ, ದಿವಾನ್ ವಿ. ಪಿ. ಮಾಧವರಾಯರ ಕಾಲದಲ್ಲಿ, ವೃತ್ತಪತ್ರಿಕೆಗಳನ್ನು ನಿಯಂತ್ರಿಸುವ ಕಾಯಿದೆ ಹೊರಟಿತು. ಅದನ್ನು ಪ್ರತಿಭಟಿಸಿ ಪತ್ರಿಕೆಯನ್ನು ನಿಲ್ಲಿಸಿದವರಲ್ಲಿ, ನಾಡು ತಾತಯ್ಯನವರೆಂದು ಗೌರವಿಸುವ ಎಂ. ವೆಂಕಟಕೃಷ್ಣಯ್ಯನವರು ಒಬ್ಬರು.

ಇವುಗಳಲ್ಲಿ ಯಾವುದೂ ಒಳ್ಳೆಯ ಕಾಯಿದೆಯಲ್ಲ. ಆದರೆ ಎಲ್ಲದರಲ್ಲಿಯೂ ಒಂದು ಲಕ್ಷಣವುಂಟು. ನಿಷೇಧಕ್ಕೆ ಗುರಿಯಾದವನಿಗೆ ಹೆಸರಿದ್ದಿತು: ಇಂಥ ಪತ್ರಿಕೆ, ಇಂಥ ಸಂಪಾದಕ, ಇಂಥ ಅಚ್ಚುಕೂಟ. ಹೆಸರಿದ್ದುದರಿಂದ ಎದುರಾಡುವುದಕ್ಕೆ ಅವಕಾಶವಿದ್ದಿತು. ಕಡೆಗೆ ಪತ್ರಿಕೆಯನ್ನು ನಿಲ್ಲಿಸಿ ಪ್ರತಿಭಟಿಸುವ ಗೌರವವಾದರೂ ಉಳಿದಿತ್ತು.

ಇನ್ನು ೧೮೮೫ರ ತಂತಿ ಕಾಯಿದೆಯನ್ನು ನೋಡೋಣ. ಅದರ ೫ನೆಯ ಕಲಮಿನ ತಾತ್ಪರ್ಯವಿದು. ಸಾರ್ವಜನಿಕ ಆಪತ್ತು ಒದಗಿದಾಗ, ಅಥವಾ ಸಾರ್ವಜನಿಕ ಕ್ಷೇಮದ ನಿಮಿತ್ತವಾಗಿ, ಪರವಾನೆಯ ಮೇಲೆ ಇತರರು ನಡಸುವ ತಂತಿಯನ್ನು ಸರ್ಕಾರವು ತಾತ್ಕಾಲಿಕವಾಗಿ ವಶಪಡಿಸಿಕೊಳ್ಳಬಹುದು. ಮತ್ತು ಯಾವುದಾದರೊಂದು ಸಂದೇಶವನ್ನಾಗಲಿ ಸಂದೇಶಗಳ ಒಂದು ವರ್ಗವನ್ನಾಗಲಿ, ಒಬ್ಬ ವ್ಯಕ್ತಿಗೋ ವ್ಯಕ್ತಿಗಳ ಒಂದು ವರ್ಗಕ್ಕೋ ಸಂಬಂಧಿಸಿದುದನ್ನಾಗಲಿ, ಗೊತ್ತಾದ ಒಂದು ವಿಷಯವನ್ನು ಕುರಿತುದನ್ನಾಗಲಿ ತಡೆಯಬಹುದು. ಮೀಮಾಂಸೆಯನ್ನು ಓದಿದವರಿಗೆ ಇಲ್ಲಿ ಪರಿಸಂಖ್ಯಾವಿಧಿಯು ನೆನಪಿಗೆ ಬಾರದಿರದು. ಐದು ಉಗುರುಳ್ಳ ಪ್ರಾಣಿಗಳಲ್ಲಿ ಐದನ್ನು ತಿನ್ನಬಹುದೆಂಬ ವಾಕ್ಯವು ಆ ಐದನ್ನು ತಿನ್ನಿರೆಂದು ಪ್ರೇರಿಸುವುದಕ್ಕಾಗಿ ಹೊರಟುದಲ್ಲ, ಮಿಕ್ಕವನ್ನು ನಿವಾರಿಸುವುದಕ್ಕಾಗಿ ಹೊರಟುದೆಂದು ನಮ್ಮವರು ನಿರ್ಣಯಿಸಿದ್ದಾರೆ. ಹಾಗೆಯೇ ಈ ಕಲಮಿನಲ್ಲಿ ಸಂದೇಶ, ವ್ಯಕ್ತಿ, ವಿಷಯ ಎಂಬ ಮೂರನ್ನು ಎಣಿಸಿರುವುದು ನಾಲ್ಕನೆಯದನ್ನು ಕಳೆಯುವುದಕ್ಕೆ. ದೇಶವಿಭಾಗವು ಅದರಲ್ಲಿಲ್ಲ. ಇಂಥ ಜಿಲ್ಲೆಯಲ್ಲಿರುವವರೆಲ್ಲರೂ, ಯಾರಿಗೆ ಬೇಕಾದರೂ ಬರೆಯುವ, ಏನನ್ನು ಬೇಕಾದರೂ ಕುರಿತ, ಸಮಸ್ತ ಸಂದೇಶಗಳೂ ನಿಲ್ಲಲಿ ಎಂಬ ಆಜ್ಞೆಯು ಈ ವಾಕ್ಯದಿಂದ ನೇರವಾಗಿ ಹುಟ್ಟುವುದಿಲ್ಲ. ವರ್ಗವೆಂಬ ಪದವನ್ನು ಎಳೆದು ಎಳೆದು ಸಮಸ್ತಕ್ಕೆ ಮುಟ್ಟಿಸಿದರೆ, ವರ್ಗವೆಂದು ಹೇಳಿದ ಪ್ರಯೋಜನವೇನು?

ಆದರೆ ಪದಗಳು ಹಿಗ್ಗಿದುವು. ತಂತಿಯೆಂಬ ಪದದ ಲಕ್ಷಣವನ್ನು ೧೯೬೧ರಲ್ಲಿ ತಿದ್ದಿ, ಬರಹ, ಚಿತ್ರ, ಧ್ವನಿ, ಯಾವುದೇ ಸ್ವರೂಪದ ಸುದ್ದಿ, ಯಾವುದೇ ಬಗೆಯ ವಿದ್ಯುತ್ಕಾಂತ ತರಂಗ ಇವೆಲ್ಲವೂ ಅದರಲ್ಲಿ ಅಡಗುವಂತೆ ಮಾಡಿದರು. ಆಗ ಅಂತರ್ಜಾಲವು ಹುಟ್ಟಿರಲೇ ಇಲ್ಲ. ಹುಟ್ಟುವುದಕ್ಕೆ ಮೊದಲೇ ಅದಕ್ಕೆ ತೊಟ್ಟಿಲು ಸಿದ್ಧವಾಯಿತೆನ್ನಬೇಕು. ೧೯೭೨ರ ತಿದ್ದುಪಡಿಯು ಮಾತ್ರ ಅಧಿಕಾರವನ್ನು ಸಂಕೋಚಗೊಳಿಸಿತು. ಆಪತ್ತು ಅಥವಾ ಕ್ಷೇಮವೆಂದು ಹೇಳಿದ ಮಾತ್ರಕ್ಕೆ ಸಾಲದು. ದೇಶದ ಸಾರ್ವಭೌಮತ್ವ, ರಾಜ್ಯದ ಭದ್ರತೆ, ಪರರಾಷ್ಟ್ರಗಳೊಡನೆ ಸ್ನೇಹ, ಸಾರ್ವಜನಿಕ ಶಾಂತಿ, ಅಪರಾಧಪ್ರಚೋದನೆಯ ನಿವಾರಣೆ ಇವುಗಳಲ್ಲೊಂದಕ್ಕಾಗಿ ಅವಶ್ಯವೆಂದು ಮನಗಂಡು, ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕೆಂದಾಯಿತು. ಸುಪ್ರೀಂಕೋರ್ಟಿನ ಮುಂದೆ ಹುಕುಂಚಂದ್ ಶ್ಯಾಮಲಾಲ್ ಮೊಕದ್ದಮೆಯು ಬಂದಿತು. ಸಟ್ಟಾ ವ್ಯಾಪಾರಕ್ಕೆ ಉಪಯೋಗಿಸುತ್ತಾರೆಂದು ಕೆಲವು ವರ್ತಕರ ದೂರವಾಣಿಗಳನ್ನು ಕಿತ್ತುಹಾಕಿದ್ದರು. ಕೇವಲ ಆರ್ಥಿಕವಾದ ತೊಂದರೆಯು ಈ ಕಲಮಿನ ಆಪತ್ತಾಗದೆಂದು ನ್ಯಾಯಾಲಯವು ಹೇಳಿತು. ೧೯೯೬ರಲ್ಲಿ, ದೂರವಾಣಿಯ ಮಾತುಗಳನ್ನು ಕದ್ದು ಕೇಳುವ ವಿಷಯದಲ್ಲಿ, ಅದೇ ನ್ಯಾಯಾಲಯವು ಆಪತ್ತು, ಕ್ಷೇಮ ಎಂಬ ಎರಡು ಪದಗಳಿಗೂ ವ್ಯಾಖ್ಯಾನ ಮಾಡಿ, ಇವು ಗುಟ್ಟಾದ ಸ್ಥಿತಿಗಳಲ್ಲ, ವಿವೇಕಿಯಾದ ಯಾವನಿಗಾದರೂ ಕಣ್ಣಿಗೆ ಕಾಣಿಸುವಂಥವು ಎಂದು ತೀರ್ಮಾನಿಸಿತು. ನನ್ನ ಎಣಿಕೆಯಲ್ಲಿ ಈ ಕಲಮಿಗೆ ಬಂದ ಭಾಷ್ಯಗಳಲ್ಲೆಲ್ಲ ಇದು ಶ್ರೇಷ್ಠವಾದುದು. ಆಪತ್ತು ಕಣ್ಣಿಗೆ ಕಾಣುವಂಥದಾದರೆ ಅದರ ಮೇಲೆ ಹೊರಟ ಆಜ್ಞೆಯು ಕಾಣಬಾರದೇಕೆ?

ಅಂತರ್ಜಾಲವು ಬಂದ ಮೇಲೆ ಅಧಿಕಾರಿಗಳು ಮೊದಲು ಈ ಕಾಯಿದೆಯ ಗೋಜಿಗೇ ಹೋಗಲಿಲ್ಲ. ದಂಡಪ್ರಕ್ರಿಯಾ ಸಂಹಿತೆಯ ೧೪೪ನೆಯ ಕಲಮು, ಗುಂಪುಗೂಡುವುದನ್ನು ತಡೆಯಲು ಜಿಲ್ಲಾ ಮ್ಯಾಜಿಸ್ಟ್ರೇಟರ ಕೈಯಲ್ಲಿದ್ದ ಆಯುಧ, ಅದನ್ನೇ ಪ್ರಯೋಗಿಸಿದರು. ೨೦೧೫ರಲ್ಲಿ ಪಾಟೀದಾರರ ಚಳವಳಿಯ ಕಾಲದಲ್ಲಿ ಗುಜರಾತಿನಲ್ಲಿ ಹೀಗೆ ಮಾಡಿದುದನ್ನು ಅಲ್ಲಿನ ಹೈಕೋರ್ಟು ಎತ್ತಿಹಿಡಿಯಿತು. ೨೦೧೭ರ ಆಗಸ್ಟಿನಲ್ಲಿ ಕೇಂದ್ರಸರ್ಕಾರವು ಆ ಹಳೆಯ ತಂತಿ ಕಾಯಿದೆಯ ಆಶ್ರಯದಲ್ಲಿಯೇ ದೂರಸಂಪರ್ಕಸೇವೆಗಳ ತಾತ್ಕಾಲಿಕ ಸ್ಥಗಿತದ ನಿಯಮಗಳನ್ನು ಹೊರಡಿಸಿತು. ಗೃಹ ಕಾರ್ಯದರ್ಶಿಯು ಆಜ್ಞೆ ಮಾಡತಕ್ಕದ್ದು. ಐದು ಕೆಲಸದ ದಿನಗಳೊಳಗೆ ಪುನಃಪರಿಶೀಲನ ಸಮಿತಿಯು ಸೇರತಕ್ಕದ್ದು. ಆ ಸಮಿತಿಯಲ್ಲಿ ಇರುವವರೆಲ್ಲರೂ ಸರ್ಕಾರದ ಕಾರ್ಯದರ್ಶಿಗಳೇ. ಕತ್ತಿಯ ಅಲಗು ತನ್ನನ್ನೇ ಕತ್ತರಿಸಲಾರದೆಂದು ದಾರ್ಶನಿಕರು ಹೇಳುವುದುಂಟು. ಇಲ್ಲಿ ಒಂದು ವಿನೋದವನ್ನೂ ಗಮನಿಸಬಹುದು. ನಮ್ಮ ದೇಶದಲ್ಲಿ ತಂತಿವರ್ತಮಾನದ ಸೇವೆಯು ೨೦೧೩ರ ಜುಲೈ ತಿಂಗಳ ನಡುವಿನಲ್ಲಿ ಕೊನೆಗೊಂಡಿತು. ಹೆರಿಗೆ ಮರಣಗಳ ಸುದ್ದಿಯನ್ನು ಮನೆಮನೆಗೆ ತರುತ್ತಿದ್ದ ತಂತಿಯು ಸತ್ತ ನಾಲ್ಕು ವರ್ಷಗಳ ತರುವಾಯ ತಂತಿಯ ಕಾಯಿದೆಗೆ ಹೊಸ ಯೌವನವು ಬಂದಿತು.

ಪೂರ್ವಪಕ್ಷವನ್ನು ಅಲ್ಲಗಳೆಯದೆ ಕೇಳಬೇಕು. ಸುಳ್ಳು ವದಂತಿಯು ಕೊಲ್ಲುತ್ತದೆ. ಅದನ್ನು ತಡೆಯುವುದು ಪ್ರಭುತ್ವದ ಧರ್ಮ. ಒಂದು ಜೀವವು ಉಳಿಯುವುದಾದರೆ ನಾಲ್ಕು ದಿನ ಅಂತರ್ಜಾಲವಿಲ್ಲದಿರುವುದು ದೊಡ್ಡ ಕಷ್ಟವೇ? ಈ ವಾದವು ಪೊಳ್ಳಲ್ಲವೆಂಬುದನ್ನು ಬೆಂಗಳೂರೇ ಕಂಡಿದೆ. ೨೦೧೨ರ ಆಗಸ್ಟಿನಲ್ಲಿ, ಈಶಾನ್ಯರಾಜ್ಯಗಳವರ ಮೇಲೆ ಹಲ್ಲೆಯಾಗುವುದೆಂಬ ವದಂತಿಯು ಕಿರುಸಂದೇಶಗಳ ಮೂಲಕ ಹರಡಿ, ಸಾವಿರಾರು ಜನ ಕೆಲಸ ಓದುಗಳನ್ನು ಬಿಟ್ಟು ರೈಲುನಿಲ್ದಾಣದಲ್ಲಿ ನೆರೆದರು. ಗುವಾಹಟಿಗೆ ವಿಶೇಷ ರೈಲುಗಳು ಹೊರಟುವು. ಆಗ ಕೇಂದ್ರಸರ್ಕಾರವು ಮಾಡಿದುದೇನು? ಸಗಟಾಗಿ ಕಳುಹಿಸುವ ಸಂದೇಶಗಳನ್ನು ಹದಿನೈದು ದಿನ ನಿಷೇಧಿಸಿ, ಒಂದು ದಿನಕ್ಕೆ ಐದು ಕಿರುಸಂದೇಶಗಳೆಂದು ಮಿತಿಯನ್ನು ಹಾಕಿತು. ಕೆಲವು ದಿನಗಳಲ್ಲಿ ಅದನ್ನು ಇಪ್ಪತ್ತಕ್ಕೆ ಏರಿಸಿತು. ದೂರವಾಣಿ ನಿಲ್ಲಲಿಲ್ಲ, ಅಂತರ್ಜಾಲ ನಿಲ್ಲಲಿಲ್ಲ. ಓಡಿಹೋಗುತ್ತಿದ್ದವನಿಗೆ ನೆರೆಯವನು ಹೆದರಬೇಡವೆಂದು ಹೇಳುವ ದಾರಿಯು ತೆರೆದೇ ಇತ್ತು. ಇದು ನಿಜವಾಗಿಯೂ ಸಂದೇಶಗಳ ಒಂದು ವರ್ಗವನ್ನು ತಡೆದ ಆಜ್ಞೆ. ೧೮೮೫ರ ವಾಕ್ಯದ ಮೇರೆಯೊಳಗೆ ನಿಲ್ಲುವಂಥದು. ಆಪತ್ತಿನಲ್ಲಿ ಹೀಗೂ ನಡೆದುಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಸಮೀಪದ ದೃಷ್ಟಾಂತವು ಬೇಡ. ಏಳು ವರ್ಷಗಳಾದ ಮೇಲೆ, ೨೦೧೯ರ ಡಿಸೆಂಬರಿನಲ್ಲಿ ಮಂಗಳೂರಿನಲ್ಲಿ ಗೋಲೀಬಾರಾದಾಗ, ಜಿಲ್ಲೆಯ ಅಂತರ್ಜಾಲವನ್ನೇ ನಿಲ್ಲಿಸಿದರು. ಆ ವೇಳೆಗೆ ಅದು ಅಭ್ಯಾಸವಾಗಿಹೋಗಿತ್ತು.

ಅಭ್ಯಾಸವಾಯಿತೆಂದು ನಾನು ಹೇಳುವುದಕ್ಕೆ ಕಾರಣವಿದೆ. ೨೦೨೧ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದಲ್ಲಿ ಉಪಾಧ್ಯಾಯರ ಅರ್ಹತಾಪರೀಕ್ಷೆ ನಡೆದ ದಿನ, ನಕಲು ಮಾಡುವುದನ್ನು ತಡೆಯಲು ಸಂಚಾರಿ ಅಂತರ್ಜಾಲವನ್ನು ನಿಲ್ಲಿಸಿದರು. ಪರೀಕ್ಷಾಮಂದಿರದಲ್ಲಿ ಮೂವತ್ತು ವರ್ಷ ಕಾವಲು ನಿಂತವನಾಗಿ ಹೇಳುತ್ತೇನೆ: ನಕಲು ಕೆಟ್ಟುದು ನಿಜ, ಅದು ರಾಜ್ಯಕ್ಕೊದಗಿದ ಆಪತ್ತಲ್ಲ. ಉತ್ಸರ್ಗಕ್ಕಿಂತ ಅಪವಾದದ ವಿಷಯವು ಕಿರಿದಾಗಿರಬೇಕೆಂಬುದು ವ್ಯಾಕರಣದ ಬಾಲಪಾಠ. ಆಕ್ಸೆಸ್ ನೌ ಎಂಬ ಸಂಸ್ಥೆಯವರ ಗಣನೆಯಂತೆ ನಮ್ಮ ದೇಶದಲ್ಲಿ ೨೦೨೩ರಲ್ಲಿ ೧೧೬ ಬಾರಿಯೂ ೨೦೨೪ರಲ್ಲಿ ೮೪ ಬಾರಿಯೂ ಅಂತರ್ಜಾಲವನ್ನು ನಿಲ್ಲಿಸಲಾಯಿತು. ಸರ್ಕಾರದ ಗಣನೆಯೆಷ್ಟು? ೨೦೨೧ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಸ್ಥಾಯೀ ಸಮಿತಿಯು ವರದಿಯನ್ನೊಪ್ಪಿಸುತ್ತ, ದೂರಸಂಪರ್ಕ ಇಲಾಖೆಯಾಗಲಿ ಗೃಹ ಮಂತ್ರಾಲಯವಾಗಲಿ ಇದಕ್ಕೆ ಲೆಕ್ಕವನ್ನೇ ಇಟ್ಟಿಲ್ಲವೆಂದು ಕಂಡುಕೊಂಡಿತು. ಚರಿತ್ರೆಯನ್ನು ಬರೆಯುವವರಿಗೆ ಇದೊಂದು ಗಾಬರಿಯ ಸಂಗತಿ. ಹತ್ತು ಗದ್ಯಾಣದ ದತ್ತಿಗೂ ತಿಥಿವಾರನಕ್ಷತ್ರಗಳನ್ನು ಕೊರೆಸಿದ ನಾಡು ನಮ್ಮದು.

ಕಾಶ್ಮೀರದಲ್ಲಿ ನಡೆದುದನ್ನು ಈಗ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ೨೦೧೯ರ ಆಗಸ್ಟ್ ೪ರ ರಾತ್ರಿಯಿಂದ ೫ರ ಬೆಳಗಿನೊಳಗೆ, ಸಂವಿಧಾನದ ೩೭೦ನೆಯ ಅನುಚ್ಛೇದವನ್ನು ಕುರಿತ ಘೋಷಣೆಗೆ ಮುಂಚೆ, ಅಲ್ಲಿ ಅಂತರ್ಜಾಲ, ಸಂಚಾರಿ ದೂರವಾಣಿ, ಮನೆಯ ತಂತಿದೂರವಾಣಿ ಎಲ್ಲವೂ ನಿಂತುವು. ತಂತಿದೂರವಾಣಿಗಳು ಮುಂದಿನ ವಾರಗಳಲ್ಲಿ ಒಂದೊಂದಾಗಿ ಬಾಯಿಬಿಟ್ಟುವು. ಸಂಚಾರಿಗಳಲ್ಲಿ ಒಂದು ಬಗೆಯವು ಅಕ್ಟೋಬರ್ ೧೪ರಂದು. ಅಂತರ್ಜಾಲವು ಮಾತ್ರ ಆ ವರ್ಷ ಬರಲಿಲ್ಲ. ಶ್ರೀನಗರದ ಪತ್ರಕರ್ತರು ಸರ್ಕಾರವು ಏರ್ಪಡಿಸಿದ ಒಂದು ಕೊಠಡಿಯಲ್ಲಿ, ಕೆಲವೇ ಗಣಕಯಂತ್ರಗಳ ಮುಂದೆ ಸರದಿಯಲ್ಲಿ ನಿಂತು ಸುದ್ದಿಯನ್ನು ಕಳುಹಿಸಬೇಕಾಯಿತು. ರೈಲು ಮರಳಿ ಓಡತೊಡಗಿದ ಮೇಲೆ ಪರೀಕ್ಷೆಯ ಅರ್ಜಿ ತುಂಬುವ ಹುಡುಗರೂ ತೆರಿಗೆಯ ಲೆಕ್ಕ ಒಪ್ಪಿಸುವ ವರ್ತಕರೂ ಬೆಟ್ಟದಾಚೆಯ ಬಾನಿಹಾಲಕ್ಕೆ ಹೋಗಿ, ಅಲ್ಲಿ ಹಣ ತೆತ್ತು ಕೆಲಸ ಮುಗಿಸಿಕೊಂಡು ಸಂಜೆಗೆ ಮರಳುತ್ತಿದ್ದರು. ೨೦೨೦ರ ಜನವರಿಯ ಕೊನೆಯಲ್ಲಿ, ಸರ್ಕಾರವು ಒಪ್ಪಿದ ಮುನ್ನೂರು ಚಿಲ್ಲರೆ ತಾಣಗಳನ್ನು ಮಾತ್ರ ಮಂದಗತಿಯ ೨ ಜಿ ಸಂಪರ್ಕದಲ್ಲಿ ನೋಡಲು ಬಿಟ್ಟರು. ನನ್ನ ಮಿತ್ರರ ಹಸ್ತಪ್ರತಿಯ ಚಿತ್ರವೊಂದು ಆ ವೇಗದಲ್ಲಿ ಬರುವಂತಿರಲಿಲ್ಲ. ಅಷ್ಟರಲ್ಲಿ ಕೋವಿಡ್ ವ್ಯಾಧಿಯು ಬಂದು ದೇಶದ ಶಾಲೆಗಳೆಲ್ಲ ಅಂತರ್ಜಾಲವನ್ನು ಸೇರಿದಾಗ, ಕಾಶ್ಮೀರದ ಮಕ್ಕಳು ಅದೇ ೨ ಜಿಯಲ್ಲಿ, ತಡೆತಡೆದು ಬರುವ ಗುರುಗಳ ಮುಖವನ್ನು ನೋಡುತ್ತ ಕುಳಿತರು. ೪ ಜಿ ಸಂಪರ್ಕವು ಪ್ರಾಂತದಲ್ಲೆಲ್ಲ ಮರಳಿದುದು ೨೦೨೧ರ ಫೆಬ್ರವರಿ ೫ರಂದು. ಒಂದೂವರೆ ವರ್ಷದ ಮೇಲೆ. ತಾತ್ಕಾಲಿಕವೆಂಬ ಪದದ ಅರ್ಥವು ಇಷ್ಟು ದೀರ್ಘವಾಗಬಲ್ಲುದೆಂದು ಯಾವ ಕೋಶಕಾರನೂ ಬರೆದಿಲ್ಲ.

ಕಾಶ್ಮೀರ್ ಟೈಮ್ಸ್ ಪತ್ರಿಕೆಯ ಸಂಪಾದಕಿ ಅನುರಾಧಾ ಭಸೀನರು ಸುಪ್ರೀಂಕೋರ್ಟಿಗೆ ದೂರಿತ್ತರು. ಅಲ್ಲಿ ಮೊದಲು ಎದ್ದ ತೊಡಕು ನನ್ನ ಮಿತ್ರರು ಹೇಳಿದುದೇ: ಆಜ್ಞೆಗಳೆಲ್ಲಿ? ಅರ್ಜಿದಾರರ ಬಳಿ ಅವು ಇರಲಿಲ್ಲ. ಸರ್ಕಾರವು ಎಲ್ಲವನ್ನೂ ಹಾಜರುಪಡಿಸದೆ ಮಾದರಿಗಾಗಿ ಕೆಲವನ್ನು ಮುಂದಿಟ್ಟಿತು. ೨೦೨೦ರ ಜನವರಿ ೧೦ರಂದು ನ್ಯಾಯಮೂರ್ತಿ ಎನ್. ವಿ. ರಮಣರ ಪೀಠವು ತೀರ್ಪಿತ್ತಿತು. ಅಂತರ್ಜಾಲದ ಮೂಲಕ ನಡೆಯುವ ವಾಕ್ಸ್ವಾತಂತ್ರ್ಯಕ್ಕೂ ವೃತ್ತಿವ್ಯಾಪಾರಗಳಿಗೂ ೧೯ನೆಯ ಅನುಚ್ಛೇದದ ರಕ್ಷಣೆಯುಂಟು, ಕೊನೆಯಿಲ್ಲದ ಸ್ಥಗಿತವು ಸಲ್ಲದು, ನಿರ್ಬಂಧವು ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು, ಆಜ್ಞೆಗಳನ್ನೆಲ್ಲ ಪ್ರಕಟಿಸಬೇಕು. ಇಷ್ಟನ್ನೂ ಹೇಳಿದ ನ್ಯಾಯಾಲಯವು ಸಂಪರ್ಕವನ್ನು ಒಡನೆ ಮರಳಿ ಕೊಡಿರೆಂದು ಹೇಳಲಿಲ್ಲ, ಪುನಃಪರಿಶೀಲಿಸಿರೆಂದಿತು. ಮೇ ೧೧ರಂದು ೪ ಜಿಯನ್ನು ಕುರಿತ ಮತ್ತೊಂದು ಅರ್ಜಿಯಲ್ಲಿ ಆ ವಿಚಾರಣೆಯನ್ನು ಗೃಹ ಕಾರ್ಯದರ್ಶಿಯೇ ಮೊದಲಾದವರ ಸಮಿತಿಗೆ ಒಪ್ಪಿಸಿತು. ಸಿದ್ಧಾಂತವು ಉಜ್ಜ್ವಲವಾಗಿಯೂ ಫಲವು ಕೃಶವಾಗಿಯೂ ಇರುವ ಗ್ರಂಥಗಳು ನಮ್ಮ ಶಾಸ್ತ್ರಗಳಲ್ಲಿಯೂ ಉಂಟು. ಆದರೆ ಅವುಗಳ ಫಲಕ್ಕಾಗಿ ಯಾರೂ ಬಾನಿಹಾಲದ ರೈಲಿಗೆ ಕಾದು ನಿಲ್ಲಬೇಕಾಗಿರಲಿಲ್ಲ.

ಪ್ರಕಟಣೆಯ ವಿಧಿಯನ್ನು ಕೆಲವರು ಕೇವಲ ಕಚೇರಿಯ ನಿಯಮವೆಂದು ಎಣಿಸಿದ್ದಾರೆ. ನನಗೆ ಅದು ತೀರ್ಪಿನ ಪ್ರಾಣವಾಗಿ ತೋರುತ್ತದೆ. ೧೯೪೮ರ ಸಾರ್ವತ್ರಿಕ ಮಾನವಹಕ್ಕುಗಳ ಘೋಷಣೆಯು ತನ್ನ ೧೯ನೆಯ ವಿಧಿಯಲ್ಲಿ ಸುದ್ದಿಯನ್ನು ಅರಸುವುದು, ಪಡೆಯುವುದು, ಹಂಚುವುದು ಎಂಬ ಮೂರು ಕ್ರಿಯೆಗಳನ್ನು ಹೇಳುತ್ತದೆ. ಪತ್ರಿಕೆಯನ್ನು ಮುಚ್ಚಿಸಿದಾಗ ಮುಖ್ಯವಾಗಿ ಕೆಡುವುದು ಮೂರನೆಯದು. ಅಂತರ್ಜಾಲವನ್ನು ನಿಲ್ಲಿಸಿದಾಗ ಮೂರೂ ಒಟ್ಟಿಗೆ ಕೆಡುವುವು. ತನ್ನನ್ನು ಮೂಕನನ್ನಾಗಿ ಮಾಡಿದ ಆಜ್ಞೆಯನ್ನು ಅರಸಿ ಓದುವ ಸಾಧನವೂ ಅದರಲ್ಲೇ ಅಳಿದುಹೋಗುವುದು. ಆಜ್ಞೆಯ ಪಾಠವಿಲ್ಲದೆ ಅರ್ಜಿಯಿಲ್ಲ, ಅರ್ಜಿಯಿಲ್ಲದೆ ನ್ಯಾಯಾಲಯವ��ಲ್ಲ. ಕಳಿಂಗದ ಧೌಲಿ ಜೌಗಡಗಳಲ್ಲಿಯೂ, ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿರುವ ಅಶೋಕನ ಪ್ರತ್ಯೇಕ ಶಾಸನಗಳನ್ನು ವಾಚಕರು ಬಲ್ಲರು. ತಿಷ್ಯ ನಕ್ಷತ್ರದ ದಿನಗಳಲ್ಲಿ ಈ ಲಿಪಿಯನ್ನು ಓದಿ ಕೇಳಿಸಬೇಕು, ನಡುವೆ ಒಬ್ಬನೇ ಒಬ್ಬನಿದ್ದರೂ ಕೇಳಿಸಬಹುದು ಎಂಬ ವಿಧಾನವು ಆ ಶಾಸನಗಳಲ್ಲಿಯೇ ಇದೆ. ಅಧಿಕಾರಿಗಳು ಅನ್ಯಾಯವಾಗಿ ಜನರನ್ನು ಸೆರೆಯಲ್ಲಿಡಬಾರದೆಂಬ ವಿಷಯವೂ ಅಲ್ಲಿಯೇ ಬರುತ್ತದೆ. ಇವೆರಡೂ ಒಂದೇ ಬರಹದಲ್ಲಿ ಕೂಡಿಬಂದಿರುವುದನ್ನು ನಾನು ಆಕಸ್ಮಿಕವೆಂದು ಎಣಿಸುವುದಿಲ್ಲ.

ನಿರೋಧವು ಏನನ್ನು ಮರೆಸಬಲ್ಲುದೆಂಬುದಕ್ಕೆ ಮಣಿಪುರವು ಸಾಕ್ಷಿ. ೨೦೨೩ರ ಮೇ ೩ರಂದು ಅಲ್ಲಿ ಕಲಹವು ಹೊತ್ತಿಕೊಂಡಿತು, ಅಂತರ್ಜಾಲವನ್ನು ನಿಲ್ಲಿಸಿದರು. ಮರುದಿನ ಜನರ ಗುಂಪೊಂದು ಸ್ತ್ರೀಯರನ್ನು ವಿವಸ್ತ್ರರನ್ನಾಗಿ ಮಾಡಿ ನಡೆಯಿಸಿತು. ಪೊಲೀಸರಲ್ಲಿ ದೂರು ಆ ತಿಂಗಳಿನಲ್ಲಿಯೇ ದಾಖಲಾಯಿತು. ಯಾರೂ ಸೆರೆಯಾಗಲಿಲ್ಲ. ಆ ಘಟನೆಯ ಚಿತ್ರವು ಹೇಗೋ ಹೊರಬಿದ್ದುದು ಜುಲೈ ೧೯ರಂದು. ೨೦ರಂದು ಸುಪ್ರೀಂಕೋರ್ಟು ತಾನಾಗಿ ಅದನ್ನು ವಿಚಾರಣೆಗೆ ಎತ್ತಿಕೊಂಡಿತು. ಮೊದಲ ಬಂಧನವಾದುದೂ ಅಂದೇ. ನಡುವಣ ಎಪ್ಪತ್ತಾರು ದಿನಗಳಲ್ಲಿ ದೇಶವು ಸುಮ್ಮನಿದ್ದುದು ನಿರ್ದಯೆಯಿಂದಲ್ಲ, ಅರಿಯದೆ. ವದಂತಿಯನ್ನು ತಡೆಯುವೆವೆಂದು ಮುಚ್ಚಿದ ಬಾಗಿಲು ಆ ಸ್ತ್ರೀಯರ ಮೊರೆಯ ಮೇಲೆಯೂ ಮುಚ್ಚಿತ್ತು. ಪೂರ್ವಪಕ್ಷದವರು ಉಳಿಯುವ ಜೀವಗಳನ್ನು ಎಣಿಸುವಾಗ ಇದನ್ನೂ ಎಣಿಕೆಗೆ ತರಬೇಕು. ಸಂಚಾರಿ ಅಂತರ್ಜಾಲವು ಸೆಪ್ಟೆಂಬರಿನಲ್ಲಿ ಮೂರು ದಿನ ಬಂದು ಮತ್ತೆ ನಿಂತು, ರಾಜ್ಯದಲ್ಲೆಲ್ಲ ಸರಿಯಾಗಿ ಮರಳಿದುದು ಡಿಸೆಂಬರಿನಲ್ಲಿ.

ಅದೇ ೨೦೨೩ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ದೂರಸಂಪರ್ಕದ ಹೊಸ ಕಾಯಿದೆಯನ್ನು ಅಂಗೀಕರಿಸಿತು. ಹಳೆಯ ವಾಕ್ಯದಲ್ಲಿ ಎಳೆದು ಸಾಧಿಸಬೇಕಾಗಿದ್ದ ಅರ್ಥವನ್ನು ಇದು ನೇರವಾಗಿಯೇ ಹೇಳಿಬಿಟ್ಟಿದೆ: ಸಂದೇಶವನ್ನಷ್ಟೇ ಅಲ್ಲದೆ ಸೇವೆಯನ್ನೇ ಸ್ಥಗಿತಗೊಳಿಸಬಹುದು. ೨೦೨೪ರ ನವೆಂಬರಿನಲ್ಲಿ ಹೊರಟ ನಿಯಮಗಳಲ್ಲಿ, ಆಜ್ಞೆಯನ್ನು ಪ್ರಕಟಿಸಬೇಕು, ಕಾರಣವನ್ನೂ ಪ್ರದೇಶವನ್ನೂ ಅದರಲ್ಲಿ ತಿಳಿಸಬೇಕು, ಹದಿನೈದು ದಿನಗಳನ್ನು ಮೀರಬಾರದು ಎಂಬ ವಿಧಿಗಳು ಸೇರಿವೆ. ಇದಿಷ್ಟೂ ಲಾಭವೇ, ಶ್ರೀನಗರದ ಆ ವೃದ್ಧರ ಮಾತಿಗೆ ತಡವಾಗಿ ಬಂದ ಉತ್ತರವೆನ್ನಬಹುದು. ಪುನಃಪರಿಶೀಲನ ಸಮಿತಿಯಲ್ಲಿ ಕುಳಿತುಕೊಳ್ಳುವವರು ಮಾತ್ರ ಹಿಂದಿನಂತೆ ಕಾರ್ಯದರ್ಶಿಗಳೇ. ಸಾರ್ವಜನಿಕ ಆಪತ್ತು, ಸಾರ್ವಜನಿಕ ಕ್ಷೇಮ ಎಂಬ ಎರಡು ಪದಗಳಿಗೂ ನಿಶ್ಚಿತವಾದ ಲಕ್ಷಣವನ್ನು ಕೊಡಬೇಕೆಂಬ ವಿಷಯವನ್ನು ೨೦೨೧ರ ಸ್ಥಾಯೀ ಸಮಿತಿಯು ಎತ್ತಿತ್ತು. ಹೊಸ ಕಾಯಿದೆಯ ಆರಂಭದ ಪರಿಭಾಷಾಭಾಗವನ್ನು ನಾನು ಎರಡು ಬಾರಿ ಓದಿದೆನು. ೧೮೮೫ರಿಂದ ಹಾಗೆಯೇ ಇಳಿದುಬಂದಿರುವ ಆ ಎರಡು ಪದಗಳು ಅದರಲ್ಲಿಲ್ಲ.